ಶಾರದತ್ತೆ ನಗುತ್ತಿದ್ದ ಜಾಗ

ನಿನ್ನೆ ಇಲ್ಲಿ, ಅಮೆರಿಕದ ಬೆಲ್‌ವ್ಯೂನ ಕ್ರಾಸ್‌ರೋಡ್ಸ್ ಮಾಲ್‌ನಲ್ಲಿ ಮಗಳಿಗೆ ನೂಡಲ್ಸ್ ಕೊಡಿಸಿ ಕೂತಿದ್ದೆ. ಊಟದ ಮೇಜುಗಳಾಚೆಯ ಪುಟ್ಟ ವೇದಿಕೆಯಲ್ಲಿ ಬಿಳಿಗಡ್ಡದ ಬ್ರಿಟಿಷ್ ಗಾಯಕನೊಬ್ಬ ಗಿಟಾರ್ ಹಿಡಿದು ಹಾಡುತ್ತಿದ್ದ. ಎರಡನೇ ಸಾಲಿಗೇ ದನಿಯ ಗುರುತು ಸಿಕ್ಕಿತು.

ನಾನು ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಅಕ್ಕ ಶಾರದತ್ತೆಯ ಬಳಿ ಇವನ ಕ್ಯಾಸೆಟ್ ಇತ್ತು. ಅತ್ತೆ ಇಂಗ್ಲಿಷ್ ಟೀಚರ್, ಮದುವೆಯಾಗಿರಲಿಲ್ಲ. ಸ್ಕೂಲಿನಿಂದ ಬಂದವಳೇ ಸೀರೆಗಂಟಿದ ಸೀಮೆಸುಣ್ಣ ಕೊಡವಿ ಟೇಪ್ ಹಾಕುತ್ತಿದ್ದಳು.

"ಮೊದಲು ಅಂಚೆ ಗುಮಾಸ್ತ ಆಗಿದ್ದನಂತೆ ಕಣೇ. ಈಗ ಇವನ ಹಾಡು ಕೇಳಕ್ಕೆ ಜನ ಕ್ಯೂ ನಿಲ್ತಾರೆ."

ಒಂದು ಹಾಡಿನ ಒಂದು ಜಾಗದಲ್ಲಿ ಮಾತ್ರ ತೊಡೆ ತಟ್ಟಿ ನಗುತ್ತಿದ್ದಳು. "ಅದೇನು ಒಬ್ಬೊಬ್ರೇ ನಗ್ತೀರೋ ಅತ್ತಿಗೆ" ಎಂದು ಅಡುಗೆಮನೆಯಿಂದ ಅಮ್ಮ ಗೊಣಗುತ್ತಿದ್ದಳು. ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಅತ್ತೆಯ ಮುಖ ನೋಡಿಕೊಂಡು, ಅದೇ ಜಾಗದಲ್ಲಿ ನಗುವುದನ್ನು ಕಲಿತೆ.

"ನೋಡು, ಈ ಮನೇಲಿ ಇವಳೊಬ್ಬಳಿಗೆ ಅರ್ಥ ಆಗತ್ತೆ" ಎಂದು ಅತ್ತೆ ನನ್ನ ಕೆನ್ನೆ ಹಿಂಡುತ್ತಿದ್ದಳು. ಅವಳಿರುವವರೆಗೂ ನಾನು ನಿಜ ಹೇಳಲಿಲ್ಲ.

ನಿನ್ನೆ ಅದೇ ಹಾಡು ಬಂತು. ಈ ಸಲ ಮಾತುಗಳು ತಿಳಿದವು. ಮೇಜಿನ ಮೇಲೆ ಎರಡು ಕಪ್ ಚಹಾ ಇಟ್ಟು, ಎರಡನ್ನೂ ತಾನೇ ಕುಡಿದು, ಬಾರದ ಅತಿಥಿ ಥ್ಯಾಂಕ್ಸ್ ಕೂಡ ಹೇಳಲಿಲ್ಲವೆಂದು ಬೇಜಾರು ಮಾಡಿಕೊಳ್ಳುವ ಒಂಟಿ ಮನುಷ್ಯನ ಹಾಡು.

ಅತ್ತೆ ನಗುತ್ತಿದ್ದ ಆ ಜಾಗದಲ್ಲಿ ಗಾಯಕ ಗಿಟಾರ್ ನಿಲ್ಲಿಸಿ ಜನರತ್ತ ನೋಡಿದ. ಎಲ್ಲರೂ ಊಟದಲ್ಲಿದ್ದರು. ನನಗೂ ನಗು ಬರಲಿಲ್ಲ. ಆದರೂ ತೊಡೆ ತಟ್ಟಿ ಜೋರಾಗಿ ನಕ್ಕೆ.

"ಅಮ್ಮಾ, ವಾಟ್ಸ್ ಸೋ ಫನ್ನಿ?" ಎಂದು ಕೇಳಿದ ಮಗಳು, ಉತ್ತರಕ್ಕೂ ಕಾಯದೆ, ನನ್ನ ಮುಖ ನೋಡಿಕೊಂಡು ತಾನೂ ನಗತೊಡಗಿದಳು.