ಬದುವಿನ ಮೇಲೆ ಕಾದವರು

ಬೆಳಿಗ್ಗೆ ಏಳು ಇಪ್ಪತ್ತು. ಹಾಸನದ ಕಾಲೇಜಿಗೆ ಹೊರಟ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದಾಗಲೇ ಅಣ್ಣ ಕೆಮ್ಮಿದ. ಬಚ್ಚಲ ಕಲ್ಲಿನ ಮೇಲೆ ರಕ್ತ ಬಿತ್ತು. ಆ ಕೆಂಪು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಕ್ಷಯ ಎಂದರು ಡಾಕ್ಟರು. ದಿಲ್ಲಿಯಲ್ಲಿ ಕಚೇರಿಯಿದ್ದ ಒಂದು ಸಂಘ ರೋಗಿಗಳ ಮನೆಗೆ ನರ್ಸಮ್ಮನೊಬ್ಬರನ್ನು ಕಳಿಸುತ್ತಿತ್ತು. ವಾರಕ್ಕೆರಡು ಸಲ ಅವರು ಅರಕಲಗೂಡಿನಲ್ಲಿ ಬಸ್ಸಿಳಿದು ನಮ್ಮೂರಿಗೆ ನಡೆದು ಬರುತ್ತಿದ್ದರು. ಅಣ್ಣನಿಗೆ ಸೂಜಿ ಚುಚ್ಚಿ, ನೆಂಟರೇ ಹೊಸಿಲು ತುಳಿಯದ ನಮ್ಮ ಮನೆಯಲ್ಲಿ ಅಮ್ಮನ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಅಮ್ಮ ಹೇಳಿದರೆ, "ನಂಗೇನು ಅವಸರ ಇಲ್ಲ" ಎನ್ನುತ್ತಿದ್ದರು.

ಮೂರು ತಿಂಗಳಿಗೆ ಜ್ವರ ಬಿಟ್ಟಿತು. ಇನ್ನೂ ಔಷಧಿ ಮಾಡಿದರೆ ಹೋದ ರೋಗವನ್ನು ಮತ್ತೆ ಕರೆದಂತೆ ಎಂದು ಅಮ್ಮ ನಂಬಿದ್ದಳು. ನರ್ಸಮ್ಮ ಬರುವ ದಿನ ಅಣ್ಣ ಆಲೂಗೆಡ್ಡೆ ಹೊಲಕ್ಕೆ ಜಾರಿಕೊಂಡ. ಅವರು ಅಲ್ಲಿಗೂ ಬಂದರು. ಬದುವಿನ ಮೇಲೆ ಮೂರು ಕಲ್ಲು ಹೂಡಿ ಸೂಜಿ ಕುದಿಸತೊಡಗಿದರು.

"ಚೆನ್ನಾಗಿವ್ನಿ ಕಣಮ್ಮ, ನೀವು ಓಗಿ!" ಎಂದು ಅಣ್ಣ ಕೂಗಿದ.

"ಜ್ವರ ಹೋಗಿದೆ ಕಣಪ್ಪ, ಹುಳ ಇನ್ನೂ ಎದೇಲೇ ಇದೆ. ಸಾಲು ಮುಗಿಸ್ಕೊಂಡು ಬಾ, ನಂಗೇನು ಅವಸರ ಇಲ್ಲ."

ಅಣ್ಣ ಬೇಕೆಂದೇ ಸಾಲಿನ ಮೇಲೆ ಸಾಲು ಅಗೆದ. ನೀರು ಆರಿದಾಗಲೆಲ್ಲ ಅವರು ಮತ್ತೆ ಕಾಯಿಸಿದರು. ಕಡೆಯ ಬಸ್ಸಿನ ಹೊತ್ತು ಮೀರಿದರೂ ಏಳಲಿಲ್ಲ. ಕೊನೆಗೆ ಅವನೇ ಗುದ್ದಲಿ ಎಸೆದು ಬಂದ.

"ಏನ್ ಅಟ ತಾಯಿ ನಿಮ್ದು! ಚುಚ್ಚಿ ಅತ್ಲಾಗೆ."

ಆಮೇಲೆ ಅವನು ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಒಂದೂವರೆ ವರ್ಷದ ಮೇಲೆ, ಕಫದಲ್ಲಿ ಹುಳ ಇಲ್ಲವೆಂದು ಅವರೇ ಬಂದು ಹೇಳಿದರು. ಅಂದು ರಾತ್ರಿ ಮೊದಲ ಸಲ ಅಣ್ಣನ ಉಸಿರಿಗೆ ಕಿವಿಗೊಡದೆ ಅಮ್ಮ, ನಾನು ಇಬ್ಬರೂ ಮಲಗಿದೆವು. ಬೆಳಿಗ್ಗೆ ಹಾಲು ಕರೆಯುವ ಹೊತ್ತು ಮೀರಿ ಹಸು ಕೂಗುತ್ತಿದ್ದರೂ ನಮಗೆ ಎಚ್ಚರವಾಗಲಿಲ್ಲ.