ನನ್ನನ್ನು ಬಿಟ್ಟು ಎಲ್ಲರೂ ಒಪ್ಪಿದ್ದರು

ಎರಡನೆಯ ಸಲ ಬಸುರಾದಾಗ ನನಗೆ ಆರು ತಿಂಗಳು ತುಂಬಿದ್ದು ಡಿಸೆಂಬರಿನಲ್ಲಿ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಕೃಷ್ಣರಾಜಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಗಂಡ ಹಳೇ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಹಲಸೂರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ, ಕನ್ನಡ ಕಲಿಯುವುದಿಲ್ಲವೆಂದು ಮೊದಲೇ ತೀರ್ಮಾನಿಸಿಕೊಂಡು ಬಂದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮಗಳಿಗೆ ಆಗ ನಾಲ್ಕು ವರ್ಷ.

ಗಂಡನ ಮನೆಯವರು ಇದ್ದದ್ದು ಪುಲಿಕೇಶಿನಗರದಲ್ಲಿ. ಅವರೆಲ್ಲ ಅದನ್ನು ಫ್ರೇಜರ್ ಟೌನ್ ಎಂದೇ ಕರೆಯುತ್ತಿದ್ದರು. ಹಳೆಯ ಹೆಂಚಿನ ಮನೆ. ಅಲ್ಲಿ ಅತ್ತೆ, ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ, ಮೂವರೇ. ಭಾವ ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಮ್ಯಾನೇಜರಾಗಿದ್ದರು. ಓರಗಿತ್ತಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಂಡು ಟೋಕನ್ ಕೊಡುವ ಕೆಲಸ ಮಾಡುತ್ತಿದ್ದರು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ನಾಲ್ಕು ಸಲ ಬಸುರು ನಿಂತು ನಾಲ್ಕು ಸಲವೂ ಹೋಗಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಬಾಯಿಮಾತಿಗಲ್ಲ. ಗದಗಿನ ಕಡೆಯಿಂದ ಬಂದು, ಅವರ ಮನೆಮಾತಾದ ತಮಿಳು ಒಂದಕ್ಷರ ತಿಳಿಯದೆ ಆ ಮನೆಯ ಅಡುಗೆಮನೆಯಲ್ಲಿ ಕಂಬದ ಹಾಗೆ ನಿಂತಿದ್ದ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವ ಮಾತಿಗೆ ನಗಬೇಕು ಯಾವುದಕ್ಕೆ ಸುಮ್ಮನಿರಬೇಕು ಎಂದು ಹೇಳಿಕೊಟ್ಟವರು ಅವರೊಬ್ಬರೇ. ನಾನು ಬಡಿದ ಜೋಳದ ರೊಟ್ಟಿಯನ್ನು ಅತ್ತೆ ಎತ್ತಿ ಹಿಡಿದು ತಮಾಷೆ ಮಾಡಿದಾಗ ಅದನ್ನು ಅವರ ಕೈಯಿಂದ ತೆಗೆದುಕೊಂಡು ಪೂರ್ತಿ ತಿಂದವರೂ ಅವರೇ.

ಪ್ರತಿ ವರ್ಷ ಡಿಸೆಂಬರಿನ ಮೊದಲ ಭಾನುವಾರ ಎಲ್ಲರೂ ಅಲ್ಲಿ ಸೇರಿ ಕ್ರಿಸ್‌ಮಸ್ ಹಬ್ಬಕ್ಕೆ ಕಲ್‌ಕಲ್ ಮಾಡುತ್ತಿದ್ದೆವು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವ ತಿಂಡಿ. ಮಗಳು ಹೊಟ್ಟೆಯಲ್ಲಿದ್ದ ವರ್ಷ ನಾನು ನೆಲದ ಮೇಲೆ ಕೂತು ಪಾತ್ರೆಗಟ್ಟಲೆ ಹಿಟ್ಟು ಸುತ್ತಿದ್ದೆ. ಸೊಂಟ ಹಿಡಿದುಕೊಂಡಿತೆಂದರೆ ಯಾರೂ ತಿರುಗಿ ನೋಡಿರಲಿಲ್ಲ. ಈ ವರ್ಷ ಮಾತ್ರ ನನಗೆ ದಿಂಬಿಟ್ಟ ಕುರ್ಚಿ. ಅತ್ತೆ ಸ್ವತಃ ಬಾದಾಮಿ ಹಾಲು ತಂದು ಕೈಗಿಟ್ಟರು.

"ಕುಡಿ. ನೀನು ಏನೂ ಮಾಡ್ಬೇಡ, ಸುಮ್ನೆ ಕೂತ್ಕೋ" ಎಂದರು.

ಆ ಮನೆಗೆ ಸೊಸೆಯಾಗಿ ಐದು ವರ್ಷ ಕಳೆದಿತ್ತು. ಅವರ ಕೈಯಿಂದ ನನಗೆ ಒಂದು ಲೋಟ ಹಾಲು ಸಿಕ್ಕಿದ್ದು ಅದೇ ಮೊದಲು. ವಯಸ್ಸಾಗುತ್ತ ಮೆತ್ತಗಾಗುತ್ತಿದ್ದಾರೆ ಎಂದುಕೊಂಡೆ. ದಡ್ಡಿ.

ಮುಂದಿನ ಸಣ್ಣ ಕೋಣೆಯಲ್ಲಿ ಭಾವ ಗೋಡೆಗೆ ತಿಳಿ ಹಳದಿ ಬಣ್ಣ ಬಳಿಯುತ್ತಿದ್ದರು. ಹಳೇ ಪೆಟ್ಟಿಗೆ, ಮುರಿದ ಮಂಚ, ಹಬ್ಬಕ್ಕೆ ಬಾಲಯೇಸುವಿನ ಗೋದಲಿಯಲ್ಲಿ ಜೋಡಿಸುವ ಬೊಂಬೆಗಳ ಡಬ್ಬ ತುಂಬಿರುತ್ತಿದ್ದ ಕೋಣೆ ಅದು. ಖಾಲಿಯಾಗಿತ್ತು.

"ಏನು ಭಾವ, ಈ ರೂಮಿಗೂ ಬಣ್ಣ?" ಎಂದೆ.

"ಹಬ್ಬ ಅಲ್ವಾ ಮ್ಮ" ಎಂದು ಬ್ರಷ್ಷನ್ನು ಡಬ್ಬಕ್ಕೆ ಅದ್ದಿದರು. ನನ್ನ ಮುಖ ನೋಡಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ನನ್ನ ಹಿಂದೆ ಬಂದು ನಿಂತು, ಯಾವತ್ತೂ ಇಲ್ಲದ್ದು, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮಗು ಒದ್ದಿತು. ಅವರು ಕಣ್ಣು ಮುಚ್ಚಿಕೊಂಡರು. ಪಾಪ ಎನಿಸಿತು ನನಗೆ. ಕೈ ತೆಗೆಯಲು ಬಿಡದೆ ಮೇಲಿಂದ ನನ್ನ ಕೈಯನ್ನೂ ಇಟ್ಟು ಹಿಡಿದುಕೊಂಡೆ.

ಹಬ್ಬಕ್ಕೆ ಮುಂಚಿನ ಭಾನುವಾರ ಅತ್ತೆಯ ಜೊತೆ ಅಲ್ಲಿನ ಚರ್ಚಿಗೆ ಹೋಗಿದ್ದೆವು. ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ಅತ್ತೆಯ ಪ್ರಾರ್ಥನಾ ಕೂಟದ ಒಬ್ಬ ಹಿರಿಯ ಹೆಂಗಸು ನನ್ನ ಎರಡೂ ಕೈ ಹಿಡಿದರು.

"ನಿಮ್ಮತ್ತೆ ಎಲ್ಲಾ ಹೇಳಿದ್ರು ಮ್ಮ. ನಿಮ್ಮಂಥ ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ? ಹೆತ್ತಿದ್ದನ್ನ ಎತ್ತಿ ಕೊಡೋದಂದ್ರೆ ಹುಡುಗಾಟನಾ?"

"ಏನು ಕೊಡೋದು?" ಎಂದೆ.

ಆಕೆ ನಕ್ಕರು. ನಾನು ವಿನಯದಿಂದ ಹಾಗೆ ಕೇಳುತ್ತಿದ್ದೇನೆಂದು ತಿಳಿದಿರಬೇಕು. "ಮಗೂನಮ್ಮ. ನಿಮ್ಮ ಅಕ್ಕನ ಮಡಿಲು ತುಂಬಿಸ್ತಿದ್ದೀರಲ್ಲ, ದೇವ್ರು ನಿಮಗೆ ಹತ್ತರಷ್ಟು ಕೊಡ್ತಾನೆ."

ಸ್ವಲ್ಪ ದೂರದಲ್ಲಿ ಮಗಳಿಗೆ ಬಲೂನು ಕೊಡಿಸುತ್ತಿದ್ದ ಗಂಡನನ್ನು ನೋಡಿದೆ. ಅವರು ನಮ್ಮ ಕಡೆಗೇ ನೋಡುತ್ತಿದ್ದರು. ಆ ಹೆಂಗಸು ನನ್ನ ಕೈ ಹಿಡಿದಿದ್ದನ್ನು ಕಂಡ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ನಾನು ಕೇಳಿದ್ದೆಲ್ಲ ಬರೀ ಖಚಿತಪಡಿಸಿಕೊಳ್ಳುವುದಕ್ಕಷ್ಟೇ. ವಿಷಯ ಆ ಮುಖದಲ್ಲೇ ಇತ್ತು.

ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ನಡೆದು ಬಂದು ಕೆ.ಆರ್. ಪುರದ ಬಸ್ಸು ಹತ್ತಿದೆವು. ಹಬ್ಬದ ಜನ. ನಕ್ಷತ್ರದ ಕಾಗದ, ಪ್ಲಾಸ್ಟಿಕ್ ಮರ, ರಸೆಲ್ ಮಾರ್ಕೆಟ್ಟಿನ ಚೀಲಗಳು ಕಾಲಿಗೆ ತೊಡರುತ್ತಿದ್ದವು. ನನಗೆ ಯಾರೋ ಸೀಟು ಬಿಟ್ಟುಕೊಟ್ಟರು. ಹಲಸೂರಿನಲ್ಲಿ ಪಕ್ಕದ ಸೀಟು ಖಾಲಿಯಾದಾಗ ಗಂಡ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಯಾವಾಗ ಒಪ್ಕೊಂಡ್ರಿ?" ಎಂದೆ.

"ಮನೆಗೆ ಹೋಗಿ ಮಾತಾಡೋಣ."

"ಯಾವಾಗ?"

ಅವರು ಕಿಟಕಿಯ ಕಡೆ ತಿರುಗಿ ಹೇಳಿದರು. "ನಿಂಗೆ ಮೂರು ತಿಂಗ್ಳು ಅಂತ ಗೊತ್ತಾದಾಗಲೇ ಅಮ್ಮ ಕೇಳಿದ್ರು. ಅಣ್ಣ ಎದುರಿಗೇ ಇದ್ದ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಕಣೇ. ನಾವು ಚಿಕ್ಕೋರು, ನಮಗೆ ಇನ್ನೂ ಆಗುತ್ತೆ."

"ನನ್ನನ್ನ ಕೇಳೋದು ಯಾವಾಗ ಅಂತಿದ್ರಿ?"

"ಹೇಳ್ಬೇಕು ಅಂತ್ಲೇ ಇದ್ದೆ."

ಮೂರು ತಿಂಗಳು. ನನ್ನ ಕಾಲು ಬಾತಾಗ ಬಿಸಿನೀರು ಕಾಯಿಸಿ ಕೊಟ್ಟಿದ್ದು, ಹೆಸರು ಹುಡುಕುತ್ತ ಮಗಳ ಜೊತೆ ಹೊಟ್ಟೆಗೆ ಕಿವಿ ಕೊಟ್ಟು ಕೂತಿದ್ದು, ಎಲ್ಲ ಆ ಮೂರು ತಿಂಗಳಲ್ಲೇ. ನಾನು ಬಸ್ಸಿನಲ್ಲಿ ಅಳಲಿಲ್ಲ. ಕೂಗಾಡಲಿಲ್ಲ. ಇಳಿದು ಮನೆಗೆ ಬಂದು ಅನ್ನಕ್ಕಿಟ್ಟೆ. ಮಗಳು ಅಂಗಳದಲ್ಲಿ ಬಲೂನು ಒಡೆದುಕೊಂಡು ಅಳುತ್ತಿದ್ದಳು, ಅವಳನ್ನು ಗದರಿಸಿದೆ.

ಮರುದಿನ ಶಾಲೆಯ ಹತ್ತಿರದ ಎಸ್‌ಟಿಡಿ ಬೂತಿನಿಂದ ಗದಗಿಗೆ, ಅವ್ವನ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸಿದೆ. ಅವ್ವ ಬೆಂಕಿಯಾಗುತ್ತಾಳೆ, ಮುಂದಿನ ರೈಲಿಗೇ ಹೊರಟು ಬರುತ್ತಾಳೆ ಎಂದು ನನ್ನ ಲೆಕ್ಕ. ನಾವು ಪ್ರೊಟೆಸ್ಟೆಂಟರು. ಕ್ಯಾಥೊಲಿಕ್ಕರ ಮನೆಗೆ ಹೋದೆನೆಂದು ಮದುವೆಯ ದಿನವೂ ಮುಖ ಗಂಟಿಕ್ಕಿಕೊಂಡಿದ್ದವಳು ಆಕೆ.

ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಅದಕ್ಕ ಇಷ್ಟ್ಯಾಕ ಒದ್ದಾಡ್ತಿ? ಹೊರಗಿನವರಿಗೇನು ಕೊಡಾಕತ್ತಿಲ್ಲಲ್ಲ. ಮನ್ಯಾಗಿನ ಕೂಸು ಮನ್ಯಾಗ ಇರತೈತಿ. ನಿಮ್ಮಜ್ಜಿ ತನ್ನ ಕೂಸನ್ನ ನಿಮ್ಮಜ್ಜನ ತಂಗಿಗೆ ಕೊಟ್ಟಿದ್ದಿಲ್ಲೇನು?"

"ನನ್ನ ಯಾರೂ ಕೇಳಿಲ್ಲವ್ವಾ."

"ನಿಮ್ಮಜ್ಜಿನ್ನ ಯಾರು ಕೇಳಿದ್ರವ್ವ" ಎಂದಳು ಅವ್ವ. ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಅನುಕಂಪವೂ ಇರಲಿಲ್ಲ. ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟಳು.

ಮನೆಗೆ ಬಂದು ಗಂಡನಿಗೆ ಹೇಳಿದೆ, ನಾನು ಕೊಡುವುದಿಲ್ಲ, ನೀವೇ ಹೋಗಿ ಹೇಳಿ ಬನ್ನಿ ಎಂದು. ಅವರು ಕೈ ಮುಗಿದರು. "ಹಬ್ಬ ಒಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ, ಪ್ರಾಮಿಸ್." ಆ ನಾಲ್ಕು ದಿನ ನಾವು ಮಗಳ ಮೂಲಕ ಮಾತಾಡಿದೆವು. ಅವರು ಕೇಕಿನ ಹಿಟ್ಟು ಕಲಸಿ ಬೇಕರಿಗೆ ಬೇಯಿಸಲು ಕೊಟ್ಟು ಬಂದರು. ಬಾಗಿಲಿಗೆ ನಕ್ಷತ್ರ ಕಟ್ಟಿದರು. ನಾನು ಬೆನ್ನು ತಿರುಗಿಸಿಕೊಂಡು ಮಗಳ ಫ್ರಾಕಿಗೆ ಗುಂಡಿ ಹೊಲಿದೆ.

ಹಬ್ಬದ ದಿನ ಬೆಳಗಿನ ಪೂಜೆ ಮುಗಿಸಿ ಪುಲಿಕೇಶಿನಗರಕ್ಕೆ ಹೋದೆವು. ಬಿರಿಯಾನಿಯ ವಾಸನೆ ಬೀದಿಗೇ ಬರುತ್ತಿತ್ತು. ಅತ್ತೆ ನನ್ನ ಹಣೆಗೆ ಶಿಲುಬೆ ಗುರುತು ಹಾಕಿದರು. ಅಕ್ಕ ನನ್ನನ್ನು ನೇರ ಆ ಹಳದಿ ಕೋಣೆಗೆ ಕರೆದುಕೊಂಡು ಹೋದರು. ತೊಟ್ಟಿಲು ಬಂದಿತ್ತು. ಕಿಟಕಿಗೆ ಹೊಸ ಪರದೆ. ಒಂದು ಮೂಲೆಯಲ್ಲಿ ಚಿಕ್ಕ ಮಂಚ.

"ಇದು ನಿಂಗೆ" ಎಂದರು ಮಂಚ ತೋರಿಸಿ. "ಮೊದಲ ಮೂರು ತಿಂಗಳು ಹಾಲಿಗೆ ಬೇಕಲ್ಲ, ಇಲ್ಲೇ ಇರು. ನಾನೂ ಈ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಲ್ಲ ಅಂತ ಕ್ಲಿನಿಕ್ಕಲ್ಲಿ ಹೇಳ್ಬಿಟ್ಟಿದ್ದೀನಿ."

ಹಾಲಿಗೆ ಬೇಕಲ್ಲ. ಆ ಒಂದು ಮಾತಿಗೆ ನಾಲ್ಕು ದಿನದ ವಿಷವೆಲ್ಲ ನನ್ನ ಬಾಯಿಗೆ ಬಂತು. ಅದು ಬರಬೇಕಿದ್ದುದು ಗಂಡನ ಮೇಲೆ, ಅತ್ತೆಯ ಮೇಲೆ. ಎದುರಿಗಿದ್ದವರು ಅಕ್ಕ.

"ನಾನೇನು ಹಾಲು ಕರೆಯೋ ಎಮ್ಮೆನಾ?" ಎಂದೆ. "ನಿಮ್ಮ ಹೊಟ್ಟೇಲಿ ನಿಲ್ಲದ್ದಕ್ಕೆ ನನ್ನ ಹೊಟ್ಟೆಗೆ ಯಾಕೆ ಕೈ ಹಾಕ್ತೀರ?"

ಹಾಗೆಂದೆ. ಒಂದೊಂದು ಅಕ್ಷರವೂ ಹಾಗೆಯೇ. ಮಕ್ಕಳಿಗೆ ಸ್ಪಷ್ಟ ಉಚ್ಚಾರ ಕಲಿಸುವ ಮೇಷ್ಟರಮ್ಮ ನಾನು, ತೊದಲಲೂ ಇಲ್ಲ.

ಅಕ್ಕ ಪರದೆಯ ಅಂಚನ್ನು ಹಿಡಿದುಕೊಂಡರು. ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನೀನೇ ಕೊಡ್ತೀನಿ ಅಂದೆ ಅಂತ ಹೇಳಿದ್ರು. ನೀನಾಗೇ ಬಂದು ಅಮ್ಮನ ಹತ್ರ ಹೇಳ್ದೆ ಅಂತ. ನಾನು ಕೇಳೇ ಇಲ್ವಲ್ಲ."

ಆಗ ನಾನು ಅವರನ್ನು ತಬ್ಬಿಕೊಳ್ಳಬೇಕಿತ್ತು. ಕ್ಷಮಿಸಿ ಎನ್ನಬೇಕಿತ್ತು. ಇಬ್ಬರೂ ಸೇರಿ ನಡುಮನೆಗೆ ಹೋಗಿ ಕೇಳಬೇಕಿತ್ತು. ಎಷ್ಟೋ ವರ್ಷ ಪಾತ್ರೆ ತೊಳೆಯುವಾಗ, ಉತ್ತರ ಪತ್ರಿಕೆ ತಿದ್ದುವಾಗ ಅದನ್ನೆಲ್ಲ ಮನಸ್ಸಿನಲ್ಲೇ ಮಾಡಿದ್ದೇನೆ. ಆ ದಿನ ಮಾಡಿದ್ದು ಇಷ್ಟೇ: ಬಾಗಿಲು ತೆಗೆದುಕೊಂಡು ಹೊರಗೆ ಬಂದೆ.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಸುಳ್ಳು ಯಾಕೆ ಹೇಳಿದ್ರಿ ಅವರಿಗೆ?" ಎಂದೆ.

"ಹಂಗೆ ಹೇಳದಿದ್ರೆ ಅವಳು ಬೇಡ ಅಂತಿದ್ಲು" ಎಂದರು. ನಾಚಿಕೆಯಿಲ್ಲ, ಅಳುಕಿಲ್ಲ. "ನಿಂಗೆ ಇನ್ನೊಂದಾಗುತ್ತೆ. ಅವಳಿಗೆ ಆಗಲ್ಲ. ಇದರಲ್ಲಿ ತಪ್ಪೇನಿದೆ ಹೇಳು?"

ಗಂಡ ಮತ್ತು ಭಾವ ಗೋದಲಿಯ ಬಲ್ಬಿನ ವೈರು ಹಿಡಿದುಕೊಂಡು ನಿಂತಿದ್ದರು.

ಊಟ ಮಾಡಿಯೇ ಹೊರಟೆವು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಎಲ್ಲರೂ ಮೇಜಿನ ಸುತ್ತ ಕೂತೆವು, ಅತ್ತೆ ಪ್ರಾರ್ಥನೆ ಹೇಳಿದರು, ಅಕ್ಕ ಬಡಿಸಿದರು. ನನ್ನ ತಟ್ಟೆಗೆ ಎರಡು ತುಂಡು ಹೆಚ್ಚಿಗೇ ಹಾಕಿದರು, ಬಸುರಿಗೆ ಹಾಕುವ ಹಾಗೆ. ತಿಂದೆ.

ಮಾರ್ಚಿನಲ್ಲಿ ಗಂಡು ಮಗು ಹುಟ್ಟಿತು. ಆಸ್ಪತ್ರೆಗೆ ಭಾವ ಒಬ್ಬರೇ ಬಂದು, ಮಗುವನ್ನು ಎತ್ತಿಕೊಳ್ಳದೆ, ತೊಟ್ಟಿಲಿನ ಕಂಬಿ ಹಿಡಿದು ನೋಡಿ ಹೋದರು. ದೀಕ್ಷಾಸ್ನಾನಕ್ಕೆ ಆ ಮನೆಯಿಂದ ಯಾರೂ ಬರಲಿಲ್ಲ. ಅಕ್ಕನಿಗೆ ಕ್ಲಿನಿಕ್ಕಿನ ಕೆಲಸ ಮತ್ತೆ ಸಿಗಲಿಲ್ಲ, ಅಲ್ಲಿ ಬೇರೆ ಹುಡುಗಿ ಬಂದಿದ್ದಳು. ಮುಂದಿನ ವರ್ಷ ಅವರಿಬ್ಬರೂ ಮನೆ ಬಿಟ್ಟು ಹೊಸೂರಿನ ಕಡೆ ಹೋದರು. ಅತ್ತೆ ಒಂಟಿಯಾದರು, ಅದಕ್ಕೂ ನಾನೇ ಕಾರಣವೆಂದು ಸಾಯುವವರೆಗೂ ಹೇಳಿದರು.

ಇನ್ನೊಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ. ಮಗುವಿಗೆ ಮೂರು ತಿಂಗಳು ತುಂಬುತ್ತಲೇ ನಾನು ಶಾಲೆಗೆ ಹೋಗಬೇಕಾಯಿತು. ಅಷ್ಟು ಹಟದಿಂದ ಉಳಿಸಿಕೊಂಡ ಮಗುವನ್ನು ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಯ ಒಬ್ಬ ಹೆಂಗಸಿನ ಮನೆಯಲ್ಲಿ ಬಿಟ್ಟು, ಸಂಜೆ ನಾಲ್ಕಕ್ಕೆ ಕರೆತರುತ್ತಿದ್ದೆ. ಆಕೆಯ ಮನೆಯಲ್ಲಿ ಇನ್ನೂ ಆರು ಮಕ್ಕಳಿದ್ದರು. ಅವನು ಅಲ್ಲೇ ನಡೆಯಲು ಕಲಿತ. ಅವನ ಮೊದಲ ಹೆಜ್ಜೆ ನೋಡಿದವಳು ಆಕೆ, ನಾನಲ್ಲ. ಬಸ್ಸು ಪುಲಿಕೇಶಿನಗರದ ತಿರುವು ದಾಟುವಾಗಲೆಲ್ಲ ಹೊರಗೆ ನೋಡದೆ ಕೂರುತ್ತಿದ್ದೆ.

ಗಂಡನೊಂದಿಗೆ ಸಂಸಾರ ನಡೆಯಿತು, ಈಗಲೂ ನಡೆಯುತ್ತಿದೆ. ಅವರು ಕೆಟ್ಟವರಲ್ಲ. ಸಂಬಳ ತಂದು ಕೈಗಿಟ್ಟರು, ಮಕ್ಕಳಿಗೆ ಜ್ವರ ಬಂದರೆ ನಿದ್ದೆಗೆಟ್ಟರು. ಆದರೆ ಮತ್ತೆ ಬಸುರಾಗುವುದನ್ನು ನಾನು ಒಪ್ಪಲಿಲ್ಲ. ಯಾಕೆಂದು ಅವರು ಕೇಳಲೂ ಇಲ್ಲ. ಅವರು "ನಿನ್ನ ಹತ್ರ ಒಂದು ವಿಷ್ಯ ಹೇಳ್ಬೇಕು" ಎಂದಾಗಲೆಲ್ಲ, ಅದು ಗ್ಯಾಸ್ ಸಿಲಿಂಡರಿನ ವಿಷಯವೇ ಆಗಿರಲಿ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ಅವರ ಮುಖ ನೋಡುತ್ತೇನೆ.

ಹತ್ತು ಹನ್ನೊಂದು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಪುಲಿಕೇಶಿನಗರದ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹೊಸೂರಿನಿಂದ ಅಕ್ಕ ಬಂದಿದ್ದರು. ಕೂದಲು ಪೂರ್ತಿ ನೆರೆತಿತ್ತು. ಮಕ್ಕಳಿರಲಿಲ್ಲ, ತಂದು ಸಾಕಲೂ ಇಲ್ಲ. ನಾನು ಹತ್ತಿರ ಹೋದೆ. "ಹೇಗಿದ್ದೀರ ಅಕ್ಕ" ಎಂದೆ. "ಇದ್ದೀನಿ ಮ್ಮ" ಎಂದರು. ಸೌಜನ್ಯದಿಂದಲೇ. ಆ ಸೌಜನ್ಯ ದಾಟಿ ಒಳಗೆ ಹೋಗಲು ನನಗೆ ದಾರಿ ಕಾಣಲಿಲ್ಲ.

ಮಗ ಕುಡಿಯುವ ನೀರಿನ ಲೋಟಗಳನ್ನು ಎಲ್ಲರಿಗೂ ಕೊಡುತ್ತ ಅಲ್ಲಿಗೆ ಬಂದ. ಅವರಿಗೂ ಒಂದು ಲೋಟ ಚಾಚಿ, "ತಗೊಳ್ಳಿ ಆಂಟಿ" ಎಂದ.

ದೊಡ್ಡಮ್ಮ ಅನ್ನಬೇಕು ಎಂದು ನಾನು ತಿದ್ದಬಹುದಿತ್ತು. ತರಗತಿಯಲ್ಲಿ ದಿನವಿಡೀ ಮಾಡುವ ಕೆಲಸವೇ ಅದು. ತಿದ್ದಲಿಲ್ಲ.

ಅಕ್ಕ ಲೋಟ ತೆಗೆದುಕೊಂಡರು. "ಎಷ್ಟನೇ ಕ್ಲಾಸು?" ಎಂದು ಕೇಳಿದರು. ಐದು ಎಂದ. "ಚೆನ್ನಾಗಿ ಓದು" ಎಂದರು. ಅವನು ತಲೆಯಾಡಿಸಿ ಮುಂದಿನ ಸಾಲಿಗೆ ಹೋದ. ಅವರು ಅವನ ಬೆನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೀರು ಕುಡಿದು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಶವಪೆಟ್ಟಿಗೆಯ ಹತ್ತಿರ ಹೆಂಗಸರ ಜೊತೆ ಜಪಕ್ಕೆ ಕೂತರು.