ಪಿಕಿಪಿಕಿ ಎಂಜಿನ್ನಿನ ಕಾರು

ರಸ್ತೆಗಿಳಿಯದ ವಾಹನಗಳನ್ನು ತಿಂಗಳೊಳಗೆ ತೆಗೆಯಬೇಕೆಂದು ಸೌತ್ ಬಿ ಬಡಾವಣೆಯ ನಮ್ಮ ಕಾಂಪೌಂಡಿನ ನಿವಾಸಿಗಳ ಸಂಘ ತೀರ್ಮಾನಿಸಿತು. ಅಂಥದ್ದು ಇದ್ದದ್ದು ಒಂದೇ. ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಪ್ಪ ನನ್ನನ್ನು ಜೊತೆಗಿಟ್ಟುಕೊಂಡು ಕಟ್ಟಿದ ಎರಡು ಸೀಟಿನ ಕಾರು. ಅದರ ಎಂಜಿನ್ ಮೋಟಾರ್ ಸೈಕಲ್ಲಿನದು. ನೋಂದಣಿಗೆ ಬೇಕಾದ ತಪಾಸಣೆಯಲ್ಲಿ ಪಾಸಾಗದಿದ್ದರೆ ಅದು ಗುಜರಿಗೆ ಹೋಗಬೇಕಿತ್ತು.

ಹೊರಡುವ ಬೆಳಿಗ್ಗೆ ಅಮ್ಮ ಕಾರಿಗೆ ಪೂಜೆ ಮಾಡಿದರು. ನಂಬರ್ ಪ್ಲೇಟ್ ಇಲ್ಲದ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋದೆವು.

ತಪಾಸಣಾ ಕೇಂದ್ರದ ಅಧಿಕಾರಿ ಬಾನೆಟ್ ಎತ್ತಿ ನೋಡಿದರು. ಇಲ್ಲಿಯ ಸ್ವಾಹಿಲಿಯಲ್ಲಿ ಬೈಕನ್ನು ಪಿಕಿಪಿಕಿ ಎನ್ನುತ್ತಾರೆ, ಮೇಷ್ಟರನ್ನು ಮ್ವಾಲಿಮು.

"ಮ್ವಾಲಿಮು, ಇದು ಕೋಟು ತೊಟ್ಟ ಪಿಕಿಪಿಕಿ."

"ಕೋಟು ನಾವೇ ಹೊಲಿದದ್ದು," ಎಂದರು ಅಪ್ಪ.

ಕಾರಾದರೆ ಸೈಲೆನ್ಸರಿಗೆ ಯಂತ್ರದ ನಳಿಕೆ ತೂರಿಸಿ ಹೊಗೆ ಅಳೆಯಬೇಕು. ಬೈಕಾದರೆ ಕಣ್ಣಿಗೆ ಹೊಗೆ ಕಾಣದಿದ್ದರೆ ಸಾಕು. ಅಧಿಕಾರಿ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು. ಮೈ ಯಾವುದೇ ಇರಲಿ, ಎಂಜಿನ್ನಿನ ನಿಯಮವೇ ಅನ್ವಯ ಎಂದರು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಎಂಜಿನ್ ಚೆನ್ನಾಗಿಯೇ ಶುರುವಾಯಿತು. ಸ್ವಲ್ಪ ಬಿಸಿಯಾಗುತ್ತಲೇ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಅಧಿಕಾರಿ ಆಗದು ಎಂಬಂತೆ ತಲೆಯಾಡಿಸಿದರು.

"ರಿಂಗ್ ಹೋಯ್ತು ಕಣೆ ಪುಟ್ಟಿ," ಎಂದರು ಅಪ್ಪ, ತೀರಾ ಮೆಲ್ಲಗೆ.

ಪಿಸ್ಟನ್ನಿನ ರಿಂಗು ಸವೆದರೆ ಆಯಿಲ್ ಸುಟ್ಟು ನೀಲಿ ಹೊಗೆ ಬರುತ್ತದೆ, ನಿಜ; ಆದರೆ ಆ ರಿಂಗುಗಳನ್ನು ಹಾಕಿದವಳು ನಾನೇ. ಅಲ್ಲದೆ ಆ ವಾಸನೆ ಎಂಜಿನ್ ಆಯಿಲಿನದಲ್ಲ, ನಮ್ಮ ದೇವರ ಮನೆಯದು. ಬಗ್ಗಿ ನೋಡಿದೆ. ಹೊಗೆ ಸೈಲೆನ್ಸರ್ ಕೊಳವೆಯ ಬಾಯಿಂದ ಬರುತ್ತಿರಲಿಲ್ಲ, ಅದರ ಮೇಲ್ಮೈಯಿಂದ ಏಳುತ್ತಿತ್ತು. ಅಮ್ಮ ಎಳ್ಳೆಣ್ಣೆಯಲ್ಲಿ ಕಲಸಿ ಬಳಿದ ಕುಂಕುಮ ಅಲ್ಲಿ ಮೂರು ಗೆರೆಯಾಗಿ ಸುಡುತ್ತಿತ್ತು. ಅಪರಿಚಿತರ ಮುಂದೆ ಬಾಯಿ ತೆರೆಯಲು ಹಿಂಜರಿಯುವ ನಾನು ಅಮ್ಮನ ಪೂಜೆಯನ್ನು ಅಧಿಕಾರಿಗೆ ಮೊದಲಿನಿಂದ ವಿವರಿಸಬೇಕಾಯಿತು.

ಅವರು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮೂಸಿದರು. "ಹಾಗಾದರೆ ಹೊಗೆ ಬಿಡ್ತಿರೋದು ನಿಮ್ಮಮ್ಮ."

ಎಂಜಿನ್ ಆರಿಸಿ, ಕೊಳವೆ ತಣ್ಣಗಾದ ಮೇಲೆ ಒರೆಸಿ, ಮತ್ತೆ ಶುರು ಮಾಡಿದೆವು. ಮೂವರೂ ಹಿಂದೆ ನಿಂತು ಕಾದೆವು. ಏನೂ ಕಾಣಲಿಲ್ಲ. ಅಧಿಕಾರಿ ಸಹಿ ಹಾಕಿದರು.

ಮನೆಯಲ್ಲಿ ಅಮ್ಮ ಮೊದಲು ನೋಡಿದ್ದು ಸೈಲೆನ್ಸರನ್ನೇ. "ಕುಂಕುಮ ಎಲ್ರೀ?"

"ಅದಕ್ಕೂ ಟೆಸ್ಟ್ ಆಯ್ತು ಕಣೆ," ಎಂದರು ಅಪ್ಪ. "ಅದೊಂದೇ ಫೇಲು."

ನಂಬರ್ ಪ್ಲೇಟ್ ಬಂದ ದಿನ ಅಮ್ಮ ಮತ್ತೆ ಬಟ್ಟಲು ತಂದರು. ಬಾನೆಟ್ಟಿಗೆ ಕುಂಕುಮವಿಟ್ಟು, ಹಿಂದಕ್ಕೆ ಹೋಗಿ ನಿಂತು, ನನ್ನ ಮುಖ ನೋಡಿ, ಸೈಲೆನ್ಸರಿಗೆ ಒಂದೇ ಒಂದು ಹೂವು ಇಟ್ಟರು. ಅಮ್ಮ ಒಳಗೆ ಹೋಗುವವರೆಗೂ ನಾನು ಎಂಜಿನ್ ಶುರು ಮಾಡಲಿಲ್ಲ.